ಅಪ್ಪ ದುಡ್ಡು ಕಳಿಸೋದು ನಿಲ್ಸಿದ್ರೆ ಮಕ್ಕಳ ನಫಖಾ (ಜೀವನಾಂಶ) ಕೇಳೋದು ಹೇಗೆ

ಗಂಡ ಗಲ್ಫಿಗೆ ಹೋದ, ಆರು ತಿಂಗಳು ದುಡ್ಡು ಬಂತು, ಆಮೇಲೆ ದುಡ್ಡೂ ಇಲ್ಲ ಫೋನೂ ಇಲ್ಲ. ನಮ್ಮ ಕರಾವಳಿ ಕಡೆ ಇದೇನು ಹೊಸ ಕಥೆ ಅಲ್ಲ. ಮಸೀದಿ ಜಮಾತಿಗೆ ಹೋದ್ರೆ ಮಾತೆಲ್ಲ ತಲಾಖು, ಮಹರು (ಮದುವೆಗೆ ಗಂಡ ಹೆಂಡತಿಗೆ ಕೊಡೋ ಹಣ), ಚಿನ್ನ ಅಂತ ಸುತ್ತುತ್ತೆ, ಮಕ್ಕಳ ಖರ್ಚಿನ ವಿಷಯ ಬಂದಾಗ ಮಾತ್ರ "ಆಮೇಲೆ ನೋಡೋಣ". ಎಡವೋದು ಅಲ್ಲೇ.

ನಫಖಾ ಅನ್ನೋದು ಮಕ್ಕಳ ಹಕ್ಕು. ನೀವು ಖುಲಾ (ಹೆಂಡತಿಯೇ ಕೇಳಿ ತಗೊಳ್ಳೋ ವಿಚ್ಛೇದನ) ತಗೊಳ್ಳುವಾಗ ಮಹರು ಬಿಟ್ಟುಕೊಟ್ಟಿರಬಹುದು, ಅದು ನಿಮ್ಮ ಲೆಕ್ಕ, ಮಗುವಿನ ಊಟದ ಲೆಕ್ಕ ಅಲ್ಲ. ಕೋರ್ಟಿಗೆ ಹೋದ್ರೆ ದೀನಿಗೆ (ಧರ್ಮಕ್ಕೆ) ವಿರುದ್ಧ ಅನ್ನೋರಿಗೆ ಪ್ರವಾದಿಯವರ ಕಾಲದ ಅಬೂ ಸುಫ್ಯಾನ್ ಹೆಂಡತಿ ಹಿಂದ್ ಕಥೆ ಹೇಳಿ. ಗಂಡ ಜಿಪುಣ, ಖರ್ಚಿಗೆ ಕೊಡಲ್ಲ ಅಂತ ಆಕೆ ದೂರಿದಾಗ, ನಿನಗೂ ಮಕ್ಕಳಿಗೂ ಸಾಕಾಗೋಷ್ಟು ನ್ಯಾಯವಾಗಿ ತಗೋ ಅಂದಿದ್ರು ಪ್ರವಾದಿಯವರು.

ಈಗ ಕಾನೂನು. ಹೆಂಡತಿ ಮಕ್ಕಳಿಗೆ ಜೀವನಾಂಶ ಕೊಡಿಸೋ ಸೆಕ್ಷನ್ 125 ಹಳೇ ಸಿಆರ್‌ಪಿಸಿಯಲ್ಲಿ (ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ) ಇತ್ತಲ್ಲ, 2024 ಜುಲೈ 1ರಿಂದ ಅದೇ ಹೊಸ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 144. "1986ರ ಮುಸ್ಲಿಂ ಮಹಿಳೆಯರ ಕಾಯ್ದೆ ಪ್ರಕಾರ ಮಗೂಗೆ ಎರಡೇ ವರ್ಷ" ಅಂತ ಯಾರಾದ್ರೂ ಹೆದರಿಸಿದ್ರೆ ನಂಬಬೇಡಿ, ಆ ಎರಡು ವರ್ಷ ತಲಾಖ್ ಆದ ತಾಯಿ ಮಗು ಸಾಕೋಕೆ ತನ್ನ ಹೆಸರಲ್ಲಿ ಕೇಳೋ ಪಾಲಿಗೆ ಮಾತ್ರ. ಮಕ್ಕಳು ಪ್ರಾಪ್ತ ವಯಸ್ಸಿಗೆ ಬರೋವರೆಗೆ, ಹೆಣ್ಮಕ್ಕಳಿಗೆ ಮದುವೆ ಆಗೋವರೆಗೆ ಅಪ್ಪ ಕೊಡ್ಬೇಕು ಅಂತ 1997ರಲ್ಲೇ ನೂರ್ ಸಬಾ ಖಾತೂನ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಅರ್ಜಿ ನೀವಿರೋ ಊರಲ್ಲೇ ಹಾಕ್ಬಹುದು, ಫ್ಯಾಮಿಲಿ ಕೋರ್ಟ್ ಇದ್ರೆ ಅಲ್ಲಿ, ಇಲ್ದಿದ್ರೆ ಮ್ಯಾಜಿಸ್ಟ್ರೇಟ್ ಹತ್ರ. ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂತ ಕೂರಬೇಡಿ, ಹೆಂಗಸರು ಮಕ್ಕಳಿಗೆ ಆದಾಯ ಎಷ್ಟಿದ್ರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಫ್ರೀ, 15100ಗೆ ಫೋನ್ ಮಾಡಿದ್ರೂ ದಾರಿ ಹೇಳ್ತಾರೆ.

ಕಾಗದ ಜೋಡಿಸೋದರಲ್ಲೇ ಅರ್ಧ ಕೆಲಸ. ನಿಕಾಹ್‌ನಾಮಾ (ಮದುವೆ ಪತ್ರ) ಅಥವಾ ಮಸೀದಿ ರಿಜಿಸ್ಟರ್ ನಕಲು, ಅಪ್ಪನ ಹೆಸರಿರೋ ಬರ್ತ್ ಸರ್ಟಿಫಿಕೇಟು, ಸ್ಕೂಲ್ ಫೀಸು, ಔಷಧಿ ಬಿಲ್ಲು. ಅವನಿಗೆ ಆದಾಯಾನೇ ಇಲ್ಲ ಅಂತ ಆಮೇಲೆ ಹೇಳ್ತಾನೆ, ಅದಕ್ಕೇ ಹಳೇ ಪಾಸ್‌ಬುಕ್ ಬಿಸಾಕಬೇಡಿ, ಅವನು ಕಳಿಸ್ತಿದ್ದ ತಿಂಗಳ ಎಂಟ್ರಿಗಳೇ ಸಾಕ್ಷಿ. "ಮುಂದಿನ ವಾರ ಹಾಕ್ತೀನಿ" ಅಂದ ವಾಟ್ಸಾಪ್ ಮೆಸೇಜುಗಳನ್ನ ತಾರೀಕು ಕಾಣೋ ಹಾಗೆ ತೆಗೆದಿಡಿ, ಆ ಫೋನನ್ನೂ ಮಾರಬೇಡಿ. ಅವನ ಕಂಪನಿ ಹೆಸರು, ಈಗಿನ ನಂಬರು, ಊರಲ್ಲಿರೋ ಅತ್ತೆಮನೆ ವಿಳಾಸ ಎಲ್ಲಾ ಬರೀರಿ, ನೋಟಿಸ್ ತಲುಪೋದೇ ದೊಡ್ಡ ತಲೆನೋವು. ಬೇಕಂತಲೇ ತಪ್ಪಿಸ್ಕೊಳ್ತಿದ್ದಾನೆ ಅಂತ ಕೋರ್ಟಿಗೆ ಗೊತ್ತಾದ್ರೆ ಅವನು ಬರದೇನೂ ಆರ್ಡರ್ ಆಗುತ್ತೆ.

ಅರ್ಜಿ ಜೊತೆಗೇ ಮಧ್ಯಂತರ ಖರ್ಚೂ (ಕೇಸು ಮುಗಿಯೋವರೆಗಿನ ಖರ್ಚು) ಕೇಳಿ. ನೋಟಿಸ್ ಮುಟ್ಟಿ 60 ದಿನದೊಳಗೆ ತೀರ್ಮಾನ ಆಗ್ಬೇಕು ಅಂತ ಕಾನೂನಲ್ಲಿದೆ, ನಿಜವಾಗಿ ಎಳೆದಾಡ್ತಾರೆ. ಆದ್ರೂ 2020ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಅರ್ಜಿ ಹಾಕಿದ ದಿನದಿಂದಲೇ ಹಣ ಲೆಕ್ಕಕ್ಕೆ ಬರುತ್ತೆ, ಹಾಗಾಗಿ ಅವನು ಬರ್ತಾನೇನೋ ಅಂತ ಕಾಯ್ತಾ ಕೂತ ತಿಂಗಳೆಲ್ಲ ನಿಮಗೇ ಲಾಸು.

ಆರ್ಡರ್ ಬಂದ ಮೇಲೂ ಕೊಡದಿದ್ರೆ ವಾರಂಟ್ ಕೇಳ್ಬೇಕು. ಅದಕ್ಕೆ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕ್ಲೇಬೇಕು, ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಕ್ಯಾಲೆಂಡರಲ್ಲಿ ದುಡ್ಡು ಬರದ ತಿಂಗಳಿಗೆ ಕೆಂಪು ಪೆನ್ನಲ್ಲಿ ಗುರುತು ಹಾಕ್ತಾ ಹೋಗಿ, ಹತ್ತು ಗುರುತು ಆಗೋದರೊಳಗೆ ವಕೀಲರ ಆಫೀಸಲ್ಲಿರಿ.