ಬಾಡಿಗೆದಾರರಿರುವ ಮನೆಯನ್ನು ಕೊಳ್ಳುವವರಿಗೆ

ಬೆಂಗಳೂರಿನಲ್ಲಿ ಬಾಡಿಗೆದಾರರಿರುವ ಮನೆಯನ್ನು ಕೊಳ್ಳುವವರು, ಬಾಡಿಗೆದಾರರು ಕೊಟ್ಟಿರುವ ಮುಂಗಡ ಎಷ್ಟೆಂಬುದನ್ನು ಮಾಲೀಕರಿಂದ ಮಾತ್ರವಲ್ಲದೆ ಅವರಿಂದಲೂ ಕೇಳಿ, ಬಾಡಿಗೆ ಕರಾರುಪತ್ರದೊಂದಿಗೆ ತಾಳೆ ನೋಡಬೇಕು. ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಪಡೆಯುವ ರೂಢಿ ಇಲ್ಲಿ ಇಂದಿಗೂ ಇರುವುದರಿಂದ, ಆ ಮೊತ್ತವನ್ನು ಕ್ರಯದ ಹಣದಲ್ಲಿ ಮುರಿದುಕೊಂಡು, ಹಾಗೆ ಮುರಿದುಕೊಂಡದ್ದನ್ನು ಕ್ರಯಪತ್ರದಲ್ಲೇ ಬರೆಸದಿದ್ದರೆ, ಮನೆ ಖಾಲಿಯಾಗುವ ದಿನ ಅದನ್ನು ಹಿಂತಿರುಗಿಸುವ ಭಾರ ನಿಮ್ಮ ತಲೆಗೇ ಬರಬಹುದು. ತಿಂಗಳ ಬಾಡಿಗೆಯ ಬದಲು ಒಮ್ಮೆಗೇ ದೊಡ್ಡ ಮೊತ್ತ ಪಡೆದು ಭೋಗ್ಯಕ್ಕೆ ಕೊಟ್ಟ ಮನೆಯಾದರಂತೂ ಅದು ಲಕ್ಷಗಳ ಮಾತು. ನೋಂದಣಿಯಾದ ಕೂಡಲೇ, ಹಳೆಯ ಮಾಲೀಕರ ಸಹಿಯಿರುವ ಪತ್ರದ ಮೂಲಕ ಮಾಲೀಕತ್ವ ಬದಲಾದುದನ್ನು ಬಾಡಿಗೆದಾರರಿಗೆ ತಿಳಿಸಿ. ಏಕೆಂದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 109ನೇ ಕಲಮಿನಂತೆ, ಮಾರಾಟದ ವಿಷಯ ತಿಳಿಯದೆ ಹಳಬರಿಗೆ ಬಾಡಿಗೆ ಕೊಟ್ಟವರಿಂದ ಅದನ್ನು ಮತ್ತೊಮ್ಮೆ ಕೇಳುವಂತಿಲ್ಲ. ಖರೀದಿಗೆ ಮುಂಚಿನ ಬಾಕಿಯೂ, ಬೇರೆ ಒಪ್ಪಂದವಿಲ್ಲದಿದ್ದರೆ, ನಿಮಗೆ ಸೇರುವುದಿಲ್ಲ.