ಕಡಲತಳಕ್ಕೆ ಜಿನುಗುವ ಅಂತರ್ಜಲ: ರೇಡಾನ್ ಮತ್ತು ರೇಡಿಯಂ ಬಳಸಿ ಅಳೆದ ನನ್ನ ಅನುಭವ

ದಕ್ಷಿಣ ಕನ್ನಡದ ಕರಾವಳಿಯಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನದಿಗಳಲ್ಲಿ ಹರಿದುಹೋಗುವ ನೀರು ಕಣ್ಣಿಗೆ ಕಾಣುತ್ತದೆ, ಅದನ್ನು ಅಳೆಯಲೂಬಹುದು. ಆದರೆ ಮುರಕಲ್ಲಿನೊಳಗೆ ಇಂಗಿ, ಅದರಡಿಯ ಶೇಡಿ ಎಂಬ ಜೇಡಿಯಂಥ ಮಣ್ಣಿನ ಮೇಲೆ ಸರಿದು, ತೀರದ ಮರಳಿನ ಮೂಲಕ ಕಡಲತಳಕ್ಕೆ ನೇರವಾಗಿ ಸೇರುವ ನೀರು ಯಾವ ಮಾಪನ ಕೇಂದ್ರದ ದಾಖಲೆಗೂ ಸಿಗುವುದಿಲ್ಲ. ಸುರತ್ಕಲ್‌ನಿಂದ ಸಸಿಹಿತ್ಲುವರೆಗಿನ ತೀರದಲ್ಲಿ ಈ ನೀರನ್ನು ಅಳೆಯಲು ನಾನು ಪ್ರಕೃತಿಯಲ್ಲೇ ಇರುವ ವಿಕಿರಣಶೀಲ ಧಾತುಗಳನ್ನು, ಅಂದರೆ ರೇಡಾನ್-222 ಮತ್ತು ರೇಡಿಯಂನ ಐಸೋಟೋಪ್‌ಗಳನ್ನು (ಒಂದೇ ಧಾತುವಿನ ಬೇರೆ ಬೇರೆ ತೂಕದ ರೂಪಗಳನ್ನು) ಆಶ್ರಯಿಸಿದೆ.

ಶಿಲೆ ಮತ್ತು ಮರಳಿನ ಕಣಗಳಲ್ಲಿರುವ ಯುರೇನಿಯಂ ಹಂತಹಂತವಾಗಿ ಕ್ಷಯಿಸಿ ರೇಡಿಯಂ-226 ಆಗುತ್ತದೆ, ಅದರಿಂದ ರೇಡಾನ್ ಅನಿಲ ಹುಟ್ಟುತ್ತದೆ. ಕಣಗಳ ಸಂದಿಯಲ್ಲಿ ನಿಂತ ನೀರಿನಲ್ಲಿ ಅದು ತುಂಬಿಕೊಳ್ಳುತ್ತದೆ. ತೆರೆದ ಕಡಲಿನಲ್ಲಾದರೋ ಗಾಳಿಗೆ ಹಾರಿಹೋಗುತ್ತದೆ, ಉಳಿದದ್ದು 3.8 ದಿನಗಳ ಅರ್ಧಾಯುಷ್ಯದಲ್ಲಿ, ಅಂದರೆ ಅಷ್ಟು ದಿನಕ್ಕೊಮ್ಮೆ ಅರ್ಧದಷ್ಟಾಗುತ್ತ, ಕ್ಷಯಿಸುತ್ತದೆ. ಆದ್ದರಿಂದ ಅಂತರ್ಜಲದ ರೇಡಾನ್ ಸಮುದ್ರನೀರಿನದಕ್ಕಿಂತ ನೂರಾರು, ಕೆಲವೆಡೆ ಸಾವಿರಾರು ಪಟ್ಟು ಹೆಚ್ಚಿರುತ್ತದೆ, ಮತ್ತು ಅಲ್ಪ ಪ್ರಮಾಣದ ಬೆರಕೆಯೂ ಉಪಕರಣಕ್ಕೆ ತಿಳಿಯುತ್ತದೆ. 1996ರಲ್ಲಿ ವಿಜ್ಞಾನಿ ವಿಲಾರ್ಡ್ ಮೂರ್ ಅಮೆರಿಕದ ದಕ್ಷಿಣ ಕೆರೊಲಿನಾ ತೀರದಲ್ಲಿ ರೇಡಿಯಂ-226 ಅನ್ನು ಅಳೆದು, ಅಲ್ಲಿ ಕಡಲು ಸೇರುವ ಅಂತರ್ಜಲವು ನದಿನೀರಿನ ಶೇ. 40ರಷ್ಟಾಗುತ್ತದೆ ಎಂದು ತೋರಿಸಿದ ಮೇಲೆ ಈ ವಿಧಾನ ಎಲ್ಲ ಕಡೆ ಹಬ್ಬಿತು.

ರೇಡಾನ್ ಅಳತೆಗೆ ನಾನು ಮಳೆಗಾಲ ಮುಗಿದು ಕಡಲು ಶಾಂತವಾದ ತಿಂಗಳುಗಳನ್ನು ಆರಿಸಿಕೊಂಡೆ. ಅಲೆ ಒಡೆಯುವ ಸಾಲಿನಿಂದ ಆಚೆ ನಾಡದೋಣಿಯನ್ನು ಲಂಗರು ಹಾಕಿ ನಿಲ್ಲಿಸಿ, ತಳಕ್ಕೆ ಹತ್ತಿರದಿಂದ ನೀರನ್ನು ಪಂಪಿನಲ್ಲಿ ಎತ್ತಿ, ಮುಚ್ಚಿದ ಕೋಶದೊಳಗೆ ಸಿಂಪಡಿಸಿದರೆ ನೀರಿನ ರೇಡಾನ್ ಅಲ್ಲಿನ ಗಾಳಿಗೆ ದಾಟುತ್ತದೆ. ಆ ಗಾಳಿಯನ್ನು ಒಣಗಿಸಿ ರ‍್ಯಾಡ್-7 ಯಂತ್ರಕ್ಕೆ ಕಳಿಸಿದಾಗ, ಅದು ರೇಡಾನಿನಿಂದ ಹುಟ್ಟಿದ ಪೊಲೋನಿಯಂ-218ರ ಆಲ್ಫಾ ಕಣಗಳನ್ನು ಎಣಿಸುತ್ತದೆ. ನಮ್ಮ ಕರಾವಳಿಯ ತೇವಕ್ಕೆ ಒಣಗಿಸುವ ಹರಳುಗಳು ಬೇಗನೆ ನೀಲಿಯಿಂದ ಗುಲಾಬಿಗೆ ತಿರುಗುವುದರಿಂದ ಬದಲಿ ಕೊಳವೆಗಳನ್ನು ಸಿದ್ಧವಾಗಿಟ್ಟುಕೊಳ್ಳಲೇಬೇಕು. ಅರ್ಧ ಗಂಟೆಗೊಂದು ಓದಿಕೆಯಂತೆ ಕನಿಷ್ಠ ಒಂದು ಪೂರ್ಣ ಉಬ್ಬರವಿಳಿತದ ಚಕ್ರವನ್ನು ದಾಖಲಿಸುತ್ತಿದ್ದೆ. ಜೊತೆಗೆ ನೀರಿನ ಆಳ, ಲವಣಾಂಶ, ಉಷ್ಣತೆ ಮತ್ತು ಗಾಳಿಯ ವೇಗ. ಇಳಿತದ ಕೊನೆಗೆ ರೇಡಾನ್ ಏರುವುದು, ಉಬ್ಬರದಲ್ಲಿ ತಗ್ಗುವುದು ಸ್ಪಷ್ಟವಾಗಿ ಕಾಣುತ್ತಿತ್ತು, ಏಕೆಂದರೆ ಕಡಲಿನ ಮಟ್ಟ ತಗ್ಗಿದಾಗ ನೆಲದ ಕಡೆಯ ನೀರಿನ ಒತ್ತಡ ಮೇಲುಗೈ ಪಡೆಯುತ್ತದೆ.

ಈ ಓದಿಕೆಗಳಿಂದ ಹರಿವನ್ನು ತೆಗೆಯುವುದು ಒಂದು ಜಮಾಖರ್ಚಿನ ಕೆಲಸ. ನೀರಿನಲ್ಲೇ ಕರಗಿರುವ ರೇಡಿಯಂ-226ರಿಂದ ಹುಟ್ಟುವ ರೇಡಾನನ್ನು ಕಳೆದು, ಗಾಳಿಗೆ ಹೋದದ್ದನ್ನೂ ಹೊರಗಡಲಿನೊಂದಿಗೆ ಬೆರೆತು ಹೋದದ್ದನ್ನೂ ಕೂಡಿಸಿ, ಬಂದ ಒಟ್ಟು ಪ್ರವಾಹವನ್ನು ಅಂತರ್ಜಲದ ರೇಡಾನ್ ಸಾಂದ್ರತೆಯಿಂದ ಭಾಗಿಸಬೇಕು. ಇದರಲ್ಲಿ ಗಾಳಿಗೆ ಹೋಗುವ ಲೆಕ್ಕ ಶಾಂತ ನೀರಿಗೆ ಹೊಂದುವಂಥದ್ದು. ಒಡೆಯುವ ಅಲೆಗಳಲ್ಲಿ ಅನಿಲ ಅದಕ್ಕಿಂತ ವೇಗವಾಗಿ ಹೊರಬೀಳುವುದರಿಂದ ನಮ್ಮ ತೆರೆದ ತೀರಗಳಲ್ಲಿ ರೇಡಾನ್ ಒಂದನ್ನೇ ನಂಬುವುದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಅದಕ್ಕಾಗಿಯೇ ರೇಡಿಯಂ ಜೊತೆಗಿರಬೇಕು. ಅದು ಗಾಳಿಗೆ ಹಾರುವುದಿಲ್ಲ. ತೀರದಿಂದ ಹೊರಕ್ಕೆ ಒಂದು ಸಾಲಿನಲ್ಲಿ ಸಾಗುತ್ತ ಸುಮಾರು 100 ಲೀಟರ್‌ನಂತೆ ನೀರನ್ನು ತುಂಬಿಕೊಂಡು, ಮ್ಯಾಂಗನೀಸ್ ಡೈಆಕ್ಸೈಡ್ ಲೇಪಿಸಿದ ಕಪ್ಪು ಅಕ್ರಿಲಿಕ್ ನಾರಿನ ಮೂಲಕ ನಿಮಿಷಕ್ಕೆ ಒಂದು ಲೀಟರಿಗಿಂತ ನಿಧಾನವಾಗಿ ಹರಿಸಿದರೆ ರೇಡಿಯಂ ನಾರಿಗೆ ಅಂಟಿಕೊಳ್ಳುತ್ತದೆ. ಇಲ್ಲಿ ಅವಸರ ಕೂಡದು. ಬಳಿಕ ಉಪ್ಪನ್ನು ತೊಳೆದು, ತೇವವನ್ನು ಹದಕ್ಕೆ ತಂದು, ಹೀಲಿಯಂ ಹರಿಸುವ ಎಣಿಕೆ ಯಂತ್ರಕ್ಕೆ ಕೂಡಲೇ ಒಯ್ಯಬೇಕು, ಏಕೆಂದರೆ ರೇಡಿಯಂ-224ರ ಅರ್ಧಾಯುಷ್ಯ 3.66 ದಿನ ಮಾತ್ರ. 11.4 ದಿನಗಳ ರೇಡಿಯಂ-223ಕ್ಕಾಗಿ ವಾರದ ನಂತರ ಮತ್ತೆ ಎಣಿಸುತ್ತೇನೆ. ಥೋರಿಯಂ-228ರಿಂದ ನಾರಿನಲ್ಲೇ ಹುಟ್ಟುವ 224 ಅನ್ನು ಕಳೆಯಲು ತಿಂಗಳಾದ ಮೇಲೆ ಇನ್ನೊಮ್ಮೆ. ದೀರ್ಘಾಯುಷ್ಯದ 226 ಮತ್ತು 228 ಗಾಮಾ ಪತ್ತೆಕಾರಕಕ್ಕೆ ಕಾಯಬಲ್ಲವು. 224 ಮತ್ತು 228ರ ಅನುಪಾತ ತೀರದಿಂದ ದೂರ ಹೋದಂತೆ ಇಳಿಯುವ ಬಗೆಯಿಂದ ನೀರು ತೀರ ಬಿಟ್ಟು ಎಷ್ಟು ದಿನವಾಯಿತೆಂದು ತಿಳಿಯುತ್ತದೆ.

ಆದರೂ ಅಂತಿಮ ಉತ್ತರವನ್ನು ನಿರ್ಧರಿಸುವುದು ಈ ಯಂತ್ರಗಳಲ್ಲ, ಭಾಜಕವಾಗಿ ಬಳಸುವ ಅಂತರ್ಜಲದ ಸಾಂದ್ರತೆ. ಅದು ಎರಡು ಪಟ್ಟಾದರೆ ಹರಿವು ಅರ್ಧಕ್ಕಿಳಿಯುತ್ತದೆ. ಸಮೀಪದ ಮನೆಬಾವಿಯ ನೀರನ್ನು ತೆಗೆದು ಭಾಗಿಸುವುದು ಸುಲಭ, ಆದರೆ ತೆರೆದ ಬಾವಿಯಿಂದ ರೇಡಾನ್ ಗಾಳಿಗೆ ತಪ್ಪಿಸಿಕೊಂಡಿರುತ್ತದೆ. ಸಿಹಿನೀರಿನಲ್ಲಿ ರೇಡಿಯಂ ಮರಳಿನ ಕಣಗಳಿಗೆ ಅಂಟಿಕೊಂಡಿದ್ದು, ಉಪ್ಪುನೀರು ತಾಗಿದಾಗ ಮಾತ್ರ ಬಿಡುಗಡೆಯಾಗುತ್ತದೆ. ಹೀಗಾಗಿ ನಾನು ನನ್ನ ಸಮಯದ ದೊಡ್ಡ ಭಾಗವನ್ನು ಇಳಿತದ ಗೆರೆಯ ಬಳಿ ಮರಳಿಗೆ ತೆಳು ಉಕ್ಕಿನ ಕೊಳವೆಗಳನ್ನು ಬೇರೆ ಬೇರೆ ಆಳಕ್ಕೆ ಇಳಿಸಿ, ಗಾಳಿ ಸೋಕದಂತೆ ನೀರನ್ನು ಎಳೆಯುವುದಕ್ಕೆ ಕೊಟ್ಟೆ. ಒಂದು ತೀರದ ಸಾಂದ್ರತೆಯನ್ನು ಇನ್ನೊಂದಕ್ಕೆ ಎರವಲು ತರುವುದೂ ಸಲ್ಲದು: ಉಳ್ಳಾಲದ ಮರಳಿನಲ್ಲಿ ಮೊನಜೈಟ್ ಎಂಬ ಖನಿಜ ಇರುವುದರಿಂದ ಅಲ್ಲಿ ಥೋರಿಯಂ ಹೆಚ್ಚು, ಅದರ ಸಂತತಿಯಾದ ರೇಡಿಯಂ-228 ಮತ್ತು 224ರ ಮೂಲವೂ ಹೆಚ್ಚು.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಈ ಗುರುತುಕಾರಕಗಳು, ಅಂದರೆ ರೇಡಾನ್ ಮತ್ತು ರೇಡಿಯಂ, ಅಳೆಯುವುದು ತಳದಿಂದ ಹೊರಬರುವ ಒಟ್ಟು ನೀರನ್ನು. ಉಬ್ಬರದಲ್ಲಿ ಮರಳಿನೊಳಗೆ ಹೊಕ್ಕು ಇಳಿತದಲ್ಲಿ ಹಿಂದಿರುಗುವ ಸಮುದ್ರನೀರೂ ಅದರಲ್ಲಿ ಸೇರಿರುತ್ತದೆ. ಕಡಲಿಗೆ ಎಷ್ಟು ನೈಟ್ರೇಟ್, ಸಿಲಿಕಾ ಸೇರುತ್ತವೆ ಎಂದು ನೋಡುವವರಿಗೆ ಈ ಒಟ್ಟು ಮೊತ್ತವೇ ಮುಖ್ಯ. ಎಷ್ಟು ಸಿಹಿನೀರು ಕೈತಪ್ಪುತ್ತಿದೆ, ಕಿಂಡಿ ಅಣೆಕಟ್ಟುಗಳಿಂದ ಅದು ಬದಲಾಗುತ್ತದೆಯೇ ಎಂದು ಕೇಳುವವರಿಗೆ ಮಾತ್ರ ಮರಳಿನ ನೀರಿನ ಲವಣಾಂಶದಿಂದ ಸಿಹಿಪಾಲನ್ನು ಬೇರ್ಪಡಿಸಿ ಕೊಡುತ್ತೇನೆ, ಅದನ್ನೂ ಒಂದೇ ಸಂಖ್ಯೆಯಾಗಿ ಅಲ್ಲ, ಕನಿಷ್ಠ ಮತ್ತು ಗರಿಷ್ಠ ಮಿತಿಗಳೊಂದಿಗೆ, ಮಳೆಗಾಲದ ಬೆನ್ನಿಗೂ ಬೇಸಗೆಗೂ ಪ್ರತ್ಯೇಕವಾಗಿ.