ಹಳೆಯ ಫ್ರೀಬಿಎಸ್‌ಡಿಗೆ ಪ್ರಿಂಟರ್ ಜೋಡಿಸುವುದು ಹೇಗೆ?

ಕಂಪ್ಯೂಟರಿನಲ್ಲಿರುವುದು ಯೂನಿಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಂ ಆದ ಫ್ರೀಬಿಎಸ್‌ಡಿ 2.2, ಪ್ರಿಂಟರ್ ಪ್ಯಾರಲೆಲ್ ಪೋರ್ಟಿನದು ಎಂದುಕೊಳ್ಳಿ. ಶುರುವಿನಲ್ಲೇ, ಪ್ರಿಂಟರಿನ ವಿವರ ಬರೆದಿಡುವ ಪ್ರಿಂಟ್‌ಕ್ಯಾಪ್ ಫೈಲ್ ಬರೆಯಲು ಕೂರಬೇಡಿ. ಆಮೇಲೆ ತಪ್ಪು ಕೇಬಲಿನದೋ ಫೈಲಿನದೋ ತಿಳಿಯುವುದಿಲ್ಲ.

ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಲಾಗಿನ್ ಆಗಿ, ಪರೀಕ್ಷೆಯ ಅಕ್ಷರಸಾಲು ಕೊಡುವ ಎಲ್‌ಪಿಟೆಸ್ಟ್ ಕಮಾಂಡಿನ ಔಟ್‌ಪುಟ್ಟನ್ನು ನೇರವಾಗಿ ಡೆವ್ ಡೈರೆಕ್ಟರಿಯ ಎಲ್‌ಪಿಟಿ0ಗೆ, ಅಂದರೆ ಪ್ಯಾರಲೆಲ್ ಪೋರ್ಟಿಗೆ, ಕಳಿಸಿ. ಬರೀ ಕಮಾಂಡ್ ಕೊಟ್ಟರೆ 79 ಅಕ್ಷರಗಳ 200 ಸಾಲು ಬರುತ್ತದೆ. ಕಾಗದ ಉಳಿಸಲು ಮುಂದೆ 20, 5 ಎಂದು ಸೇರಿಸಿ, 20 ಅಕ್ಷರಗಳ 5 ಸಾಲಷ್ಟೇ ಬರುತ್ತದೆ. ಲೇಸರ್ ಪ್ರಿಂಟರ್ ಹಾಳೆ ಹೊರಹಾಕದಿದ್ದರೆ ಪುಟ ತುಂಬಿಲ್ಲ ಅಷ್ಟೆ, ಫಾರ್ಮ್‌ಫೀಡ್ ಗುಂಡಿ ಒತ್ತಿ. ಪೋಸ್ಟ್‌ಸ್ಕ್ರಿಪ್ಟ್ ಎಂಬ ಪುಟವರ್ಣನೆಯ ಭಾಷೆಯನ್ನು ಮಾತ್ರ ಓದುವ ಪ್ರಿಂಟರಿಗೆ ಈ ಪರೀಕ್ಷೆ ನಡೆಯದು. ಅಚ್ಚು ತೀರಾ ಕುಂಟುತ್ತಿದ್ದರೆ ಪೋರ್ಟ್ ಕಂಪ್ಯೂಟರಿನ ಗಮನ ಸೆಳೆಯಲು ಬಳಸುವ ಇಂಟರಪ್ಟ್ 7 ಅನ್ನು ಸೌಂಡ್ ಕಾರ್ಡ್ ಹಿಡಿದಿದೆಯೇ ನೋಡಿ. ಎಲ್‌ಪಿಟಿಕಂಟ್ರೋಲ್ ಕಮಾಂಡಿಗೆ ಮೈನಸ್ ಪಿ ಕೊಟ್ಟರೆ ಪೋರ್ಟ್ ಪೋಲಿಂಗ್‌ಗೆ ಬದಲಾಗುತ್ತದೆ, ಅಂದರೆ ಇಂಟರಪ್ಟ್ ಬೇಕಿಲ್ಲದೆ ಕಂಪ್ಯೂಟರೇ ಪೋರ್ಟನ್ನು ಆಗಾಗ ವಿಚಾರಿಸುತ್ತದೆ.

ಈಗ ವಾರ್ ಒಳಗಿನ ಸ್ಪೂಲ್, ಅದರೊಳಗಿನ ಎಲ್‌ಪಿಡಿ ಡೈರೆಕ್ಟರಿಯಲ್ಲಿ ಪ್ರಿಂಟರಿನ ಹೆಸರಿನದೇ ಒಂದು ಡೈರೆಕ್ಟರಿ ಮಾಡಿ. ಅಚ್ಚಿಗೆ ಕಾಯುವ ಫೈಲುಗಳ ಸ್ಪೂಲ್ ಜಾಗ ಇದು. ಮಾಲೀಕ, ಗುಂಪು ಎರಡೂ ಡೀಮನ್ ಎಂಬ ಸಿಸ್ಟಂ ಖಾತೆ, ಅನುಮತಿ 770. ಸರದಿಯಲ್ಲಿರುವ ಪತ್ರಗಳನ್ನು ಬೇರೆ ಬಳಕೆದಾರರು ಓದದಿರಲಿ ಎಂದೇ ಈ ಬಂದೋಬಸ್ತು.

ಇನ್ನು ಪ್ರಿಂಟ್‌ಕ್ಯಾಪ್. ಪ್ರಿಂಟರಿಗೆ ಎಲ್‌ಪಿ ಎಂದೇ ಹೆಸರಿಡಿ, ಬಳಕೆದಾರರು ಪ್ರತಿ ಸಲ ಹೆಸರು ಹೇಳಬೇಕಾಗಿಲ್ಲ. ಆ ಹೆಸರಿನ ಕೆಳಗೆ ಡಿವೈಸಿಗೆ ಎಲ್‌ಪಿ, ಸ್ಪೂಲ್ ಜಾಗಕ್ಕೆ ಎಸ್‌ಡಿ, ದೋಷ ದಾಖಲೆಗೆ ಎಲ್‌ಎಫ್, ಅಚ್ಚಿಗೆ ಮೊದಲು ಫೈಲನ್ನು ಹದಗೊಳಿಸುವ ಫಿಲ್ಟರಿಗೆ ಐಎಫ್ ಬರೆಯಿರಿ. ಎಂಎಕ್ಸ್‌ಗೆ ಸೊನ್ನೆ ಕೊಟ್ಟರೆ ದೊಡ್ಡ ಫೈಲಿಗೂ ಮಿತಿಯಿಲ್ಲ. ಎಸ್‌ಎಚ್ ಹಾಕಿದರೆ ಮುಖಪುಟದ ಹಾಳೆ ವ್ಯರ್ಥವಾಗುವುದಿಲ್ಲ. ಸಾಲಿನ ಕೊನೆಯ ಬ್ಯಾಕ್‌ಸ್ಲ್ಯಾಷ್ ನಂತರ ಒಂದು ಸ್ಪೇಸ್ ಉಳಿದರೂ ಮುಂದಿನ ಸಾಲು ಇದಕ್ಕೆ ಸೇರುವುದಿಲ್ಲ. ಕಣ್ಣಿಗೆ ಕಾಣದ ತಪ್ಪಾದ್ದರಿಂದ ಇದನ್ನೇ ಮೊದಲು ಹುಡುಕಿ.

ಬಹಳ ಜನರನ್ನು ಕಾಡುವುದು ಮೆಟ್ಟಿಲು ಸಾಲು. ಮೊದಲ ಸಾಲು ಎಡದಂಚಿನಲ್ಲಿ ಶುರುವಾದರೆ, ಎರಡನೆಯದು ಅದು ಮುಗಿದ ಕಡೆಯಿಂದ, ಮೂರನೆಯದು ಇನ್ನೂ ಬಲಕ್ಕೆ; ಆಮೇಲಿನದು ಕಾಗದದಾಚೆ. ಯೂನಿಕ್ಸ್ ಸಾಲಿನ ಕೊನೆಯಲ್ಲಿ ಲೈನ್‌ಫೀಡ್ (ಕೆಳಗಿನ ಸಾಲಿಗೆ ಇಳಿ) ಮಾತ್ರ ಇಡುತ್ತದೆ. ಡಾಸ್‌ಗೆ ಒಗ್ಗಿದ ಪ್ರಿಂಟರ್ ಕ್ಯಾರೇಜ್ ರಿಟರ್ನ್ (ಎಡದಂಚಿಗೆ ಮರಳು) ಕೂಡ ಬರಲಿ ಎಂದು ಕಾಯುತ್ತದೆ. ಎಚ್‌ಪಿಯ ಪಿಸಿಎಲ್ ಎಂಬ ಪ್ರಿಂಟರ್ ಭಾಷೆ ಬಲ್ಲ ಪ್ರಿಂಟರಿಗೆ ಪರಿಹಾರ ಸುಲಭ: ಎಸ್ಕೇಪ್, ಆಂಪರ್‌ಸ್ಯಾಂಡ್, ಸಣ್ಣ ಕೆ, 2, ದೊಡ್ಡ ಜಿ. ಈ ಐದು ಅಕ್ಷರ ಮೊದಲು ಕಳಿಸಿ, ಬಳಿಕ ಕ್ಯಾಟ್‌ನಿಂದ ಫೈಲ್ ಸುರಿಯುವ ಪುಟ್ಟ ಶೆಲ್ ಸ್ಕ್ರಿಪ್ಟೇ ನಿಮ್ಮ ಫಿಲ್ಟರ್. ಅದಕ್ಕೆ 755 ಅನುಮತಿ ಕೊಡಿ.

ಕೊನೆಗೆ ಆರ್‌ಸಿ ಡಾಟ್ ಕಾನ್ಫ್ ಫೈಲಿನಲ್ಲಿ ಮುದ್ರಣದ ಸರದಿ ನಡೆಸುವ ಎಲ್‌ಪಿಡಿಯನ್ನು ಯೆಸ್ ಮಾಡಿ ರೀಬೂಟ್ ಮಾಡಿ. ಎಲ್‌ಪಿಸಿ ಸ್ಟೇಟಸ್ ಕೊಟ್ಟು ಸರದಿ, ಅಚ್ಚು ಎರಡೂ ಎನೇಬಲ್ಡ್ ಎನ್ನುತ್ತದೆಯೇ ನೋಡಿ. ಅದೇ ಪುಟ ಮತ್ತೆ ಮತ್ತೆ ಬರುತ್ತಿದ್ದರೆ ಫಿಲ್ಟರ್ 1 ಎಂದು ಮುಗಿಯುತ್ತಿದೆ, ಅಂದರೆ ಮತ್ತೆ ಮುದ್ರಿಸು ಎಂದು ಎಲ್‌ಪಿಡಿಗೆ ಹೇಳುತ್ತಿದೆ. ಎಲ್‌ಪಿಆರ್‌ಎಂನಿಂದ ಆ ಕೆಲಸ ತೆಗೆದು, ಸ್ಕ್ರಿಪ್ಟಿನ ಕೊನೆಯ ಸಾಲಿನಲ್ಲಿ ಎಕ್ಸಿಟ್ 0 ಹಾಕಿ.